ಕೋಳಿ ಮರಿಗಳ ಕಾಲ ಕೆಳಗೆ ಏನು ಹಾಸಬೇಕು? ಹೊಟ್ಟು ಆರಿಸುವುದರಿಂದ ತಿಂಗಳ ಆರೈಕೆಯವರೆಗೆ

ಕೋಳಿ ಮರಿ ತರುವವರು ಮೊದಲು ಮರಿಯ ರೇಟು ಕೇಳುತ್ತಾರೆ, ಆಮೇಲೆ ಫೀಡಿನ ರೇಟು. ಕೆಳಗೆ ಏನು ಹಾಸಬೇಕು ಅಂತ ಕೇಳುವವರು ತೀರಾ ಕಡಿಮೆ. ಮರಿ ಬಂದ ದಿನ ಬಾಕ್ಸು ಇಳಿಸಿ, ಮೂಲೆಯಲ್ಲಿ ಬಿದ್ದಿದ್ದ ಯಾವುದೋ ಹೊಟ್ಟು ಹರಡಿ, ಅದರ ಮೇಲೆ ಬಿಟ್ಟುಬಿಡುತ್ತಾರೆ.

ನಾನೂ ಮೊದಲ ಸಲ ಹಾಗೇ ಮಾಡಿದೆ. ನಮ್ಮೂರು ಕಾರಟಗಿ ಹತ್ತಿರ. ಗಿರಿರಾಜ ತಳಿಯ 100 ಮರಿ ತಂದಿದ್ದೆ. ಹಿಂದಿನ ವರ್ಷದ ಶೇಂಗಾ ಹೊಟ್ಟು ನಾಲ್ಕು ಚೀಲ ಶೆಡ್ಡಿನಲ್ಲಿತ್ತು, ಮಳೆಗಾಲದಲ್ಲಿ ತಗಡಿನ ಸಂದಿಯಿಂದ ಹನಿ ಬಿದ್ದು ಒಂದು ಕಡೆ ಒದ್ದೆಯಾಗಿ ಮತ್ತೆ ಒಣಗಿತ್ತು. ಚೀಲ ಬಿಚ್ಚಿದಾಗ ಹಳೇ ಗೋಡೆಯ ವಾಸನೆ ಬಂತು. ಒಣಗಿದೆಯಲ್ಲ, ನಡೆಯುತ್ತೆ ಅಂದುಕೊಂಡು ಹಾಸಿದೆ. ಐದನೇ ದಿನಕ್ಕೆ ಕೆಲವು ಮರಿ ಕಣ್ಣು ಮುಚ್ಚಿ ನಿಂತವು. ಕುತ್ತಿಗೆ ಮುಂದಕ್ಕೆ ಚಾಚಿ ಬಾಯಿ ತೆರೆದು ಉಸಿರೆಳೆಯುತ್ತಿದ್ದವು, ಆದರೆ ಗೊರಗೊರ ಸದ್ದು ಇಲ್ಲ. ಹತ್ತು ದಿನದಲ್ಲಿ 23 ಮರಿ ಹೋದವು. ಪಶು ವೈದ್ಯರು ಸತ್ತ ಒಂದು ಮರಿಯ ಎದೆ ಬಿಚ್ಚಿ ಶ್ವಾಸಕೋಶ ತೋರಿಸಿದರು. ರಾಗಿ ಕಾಳಿನಷ್ಟು ಸಣ್ಣ ಹಳದಿ-ಬಿಳಿ ಗಂಟುಗಳು ಅಲ್ಲಲ್ಲಿ ಕೂತಿದ್ದವು. ಆಸ್ಪರ್ಜಿಲ್ಲಸ್ ಅನ್ನುವ ಬೂಷ್ಟು. ಹೊಟ್ಟಿನಲ್ಲಿದ್ದ ಬೂಷ್ಟಿನ ಪುಡಿಯನ್ನೇ ಮರಿ ಉಸಿರಾಡಿತ್ತು. ಇದಕ್ಕೆ ಬ್ರೂಡರ್ ನ್ಯುಮೋನಿಯಾ ಅಂತಾರೆ. ಬಂದ ಮೇಲೆ ಔಷಧಿಯಿಂದ ಹೆಚ್ಚು ಪ್ರಯೋಜನ ಇಲ್ಲ ಅಂತ ಅವರು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಆವತ್ತಿನಿಂದ ನಾನು ಮರಿಗಿಂತ ಮೊದಲು ಹೊಟ್ಟು ನೋಡುತ್ತೇನೆ. ಯಾವ ಹೊಟ್ಟು ಅನ್ನುವುದಕ್ಕಿಂತ ಅದು ಎಷ್ಟು ಒಣಗಿದೆ, ಎಷ್ಟು ಹೊಸದು, ಎಲ್ಲಿ ಇಟ್ಟಿದ್ದರು ಅನ್ನುವುದೇ ಮುಖ್ಯ. ಈ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡು ಮುಂದಿನದು ಓದಿ.

ಹಾಸಿಗೆ ಯಾಕೆ ಬೇಕು

ಮರಿ ದಿನದ 24 ಗಂಟೆಯೂ ಅದರ ಮೇಲೇ ಇರುತ್ತದೆ. ಅಲ್ಲೇ ಮಲಗುತ್ತದೆ, ಅಲ್ಲೇ ಹಿಕ್ಕೆ ಹಾಕುತ್ತದೆ, ಅದನ್ನೇ ಕೆದರಿ ಕುಕ್ಕುತ್ತದೆ. ಹಿಕ್ಕೆಯಲ್ಲಿ ನೀರೇ ಜಾಸ್ತಿ. ಆ ನೀರನ್ನು ಹೀರಿಕೊಂಡು, ಮತ್ತೆ ಗಾಳಿಗೆ ಬಿಟ್ಟು ಒಣಗಬೇಕು. ಹೀರುವುದು ಮಾತ್ರ ಬಂದು ಒಣಗುವುದು ಬರದಿದ್ದರೆ ಅದು ಎರಡೇ ವಾರದಲ್ಲಿ ಕೆಸರಾಗುತ್ತದೆ. ಎರಡನೆಯದು, ನೆಲದ ತಂಪು ಮರಿಯ ಹೊಟ್ಟೆಗೆ ತಾಗದಂತೆ ತಡೆಯಬೇಕು. ನಮ್ಮ ಕಡೆ ಹಳೇ ಮನೆ, ಕೊಟ್ಟಿಗೆಗಳಲ್ಲಿ ಬಂಡೆ ಹಾಸಿದ ನೆಲ ಜಾಸ್ತಿ. ಡಿಸೆಂಬರ್ ರಾತ್ರಿ ಆ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಮರಿಗೆ ಹೇಗಿರುತ್ತೆ ಅಂತ ಗೊತ್ತಾಗುತ್ತದೆ. ಮೂರನೆಯದು ಹಿಡಿತ. ಮೊಟ್ಟೆಯಿಂದ ಹೊರಬಂದು ಒಂದೆರಡು ದಿನ ಆದ ಮರಿಯ ತೊಡೆಯಲ್ಲಿ ಬಲ ಇರುವುದಿಲ್ಲ. ಜಾರುವ ನೆಲದಲ್ಲಿ ಕಾಲು ಎರಡೂ ಕಡೆ ಸೀಳಿಕೊಂಡರೆ ಆಮೇಲೆ ನಿಲ್ಲುವುದೇ ಕಷ್ಟ.

ಹಾಗೇನಾದರೂ ಆದರೆ ಮೊದಲ ಎರಡು ಮೂರು ದಿನದಲ್ಲೇ ಎರಡೂ ಕಾಲಿಗೆ ಮೆತ್ತನೆಯ ಬ್ಯಾಂಡೇಜ್ ಪಟ್ಟಿಯನ್ನು ಎಂಟರ ಆಕಾರದಲ್ಲಿ ಸುತ್ತಿ, ನಡುವೆ ಒಂದಿಂಚು ಸಡಿಲ ಬಿಟ್ಟು ಕಟ್ಟಿ. ಬಿಗಿಯಬೇಡಿ. ಎರಡು ಮೂರು ದಿನದಲ್ಲಿ ಬಹಳಷ್ಟು ಮರಿ ಸರಿ ಹೋಗುತ್ತವೆ. ತಡ ಮಾಡಿದರೆ ಆಗುವುದಿಲ್ಲ.

ಮೊದಲ ಕೆಲಸ: ಯಾವ ಹೊಟ್ಟು ಅಂತ ತೀರ್ಮಾನ ಮಾಡಿ

ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಯವರಿಗೆ ಈ ವಿಷಯದಲ್ಲಿ ಅದೃಷ್ಟ ಇದೆ. ತುಂಗಭದ್ರಾ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಎಲ್ಲಾ ಕಡೆ ರೈಸ್ ಮಿಲ್ಲುಗಳಿವೆ. ಹೀಗಾಗಿ ನೆಲ್ಲಿನ ಹೊಟ್ಟು, ಅಂದರೆ ಭತ್ತದ ಉಮಿ, ನಮಗೆ ಹತ್ತಿರದಲ್ಲೇ ಸಿಗುವ ಮತ್ತು ಮರಿಗೆ ಒಳ್ಳೆಯದೂ ಆದ ಹಾಸು. ಬೇರೆ ಊರಿನವರು ಲಾರಿ ಬಾಡಿಗೆ ಕೊಟ್ಟು ತರಿಸುವುದನ್ನು ನಾವು ಟಂಟಂನಲ್ಲಿ ತಂದುಕೊಳ್ಳಬಹುದು.

ಆದರೆ ಎಲ್ಲಾ ನೆಲ್ಲಿನ ಹೊಟ್ಟೂ ಒಂದೇ ಅಲ್ಲ. ದೊಡ್ಡ ಮಿಲ್ಲಿನಲ್ಲಿ ರಬ್ಬರ್ ರೋಲರ್ ನಡುವೆ ಕಾಳು ಹಾದು ಹೋಗಿ ಸಿಪ್ಪೆ ಮಾತ್ರ ಕಳಚುತ್ತದೆ. ಆ ಉಮಿಯನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿ. ಸಣ್ಣ ದೋಣಿಯ ಹಾಗೆ ಇರುತ್ತದೆ, ಇಡೀ ಸಿಪ್ಪೆ, ಹೊನ್ನಿನ ಬಣ್ಣ, ಊದಿದರೆ ಹಾರುತ್ತದೆ, ಅಂಗೈಯಲ್ಲಿ ಹಿಟ್ಟು ಉಳಿಯುವುದಿಲ್ಲ. ಇದೇ ಬೇಕು. ಊರೊಳಗಿನ ಹಳೇ ಹಲ್ಲರ್ ಗಿರಣಿಯಲ್ಲಿ ಹಾಗಲ್ಲ. ಅದರಲ್ಲಿ ಉಮಿ, ತೌಡು, ನುಚ್ಚು ಎಲ್ಲಾ ಒಟ್ಟಿಗೆ ಅರೆದು ಬರುತ್ತದೆ. ಅಂಗೈಯಲ್ಲಿ ಉಜ್ಜಿದರೆ ಬೆರಳಿಗೆ ಎಣ್ಣೆ ಎಣ್ಣೆ ಹಿಟ್ಟು ಅಂಟುತ್ತದೆ. ಅದನ್ನು ದನಕ್ಕೆ ಹಾಕಿ, ಮರಿಗೆ ಹಾಸಬೇಡಿ. ತೌಡಿಗೆ ಬೂಷ್ಟು ಬೇಗ ಹಿಡಿಯುತ್ತದೆ, ಇರುವೆ ಮುತ್ತುತ್ತದೆ, ಮರಿ ಅದನ್ನೇ ಫೀಡು ಅಂತ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಕೆಂಪಿರುವೆ ಒಂದು ದಿನದ ಮರಿಯನ್ನು ಕಚ್ಚಿ ಕೊಲ್ಲುವುದೂ ಉಂಟು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮಿಲ್ಲಿನ ಬಾಯ್ಲರಿನಿಂದ ಬರುವ ಸುಟ್ಟ ಉಮಿಯ ಕಪ್ಪು ಬೂದಿಯನ್ನು ಕೆಲವರು ಪುಕ್ಕಟೆ ಸಿಗುತ್ತೆ ಅಂತ ತರುತ್ತಾರೆ. ಅದು ಬರೀ ದೂಳು. ಮರಿಯ ಕಣ್ಣಿಗೂ ಉಸಿರಿಗೂ ಕೆಟ್ಟದ್ದು. ಬೇಡವೇ ಬೇಡ.

ಉಮಿಗೂ ಒಂದು ದೋಷ ಇದೆ. ಮೇಲೆ ನಯವಾದ ಹೊರಚಿಪ್ಪು ಇರುವುದರಿಂದ ಅದು ನೀರನ್ನು ಬಹಳ ಹೀರುವುದಿಲ್ಲ. ಆದರೆ ಗಟ್ಟಿಯಾಗಿ ಒತ್ತಿಕೊಳ್ಳುವುದೂ ಇಲ್ಲ, ನಡುವೆ ಗಾಳಿ ಆಡುತ್ತದೆ, ಬೇಗ ಒಣಗುತ್ತದೆ. ನಮ್ಮ ಕಡೆಯ ಒಣ ಹವೆಗೆ ಇದು ಹೊಂದುತ್ತದೆ. ಮಳೆಗಾಲಕ್ಕೆ ಅದರ ಜೊತೆ ಮೂರರಲ್ಲಿ ಒಂದು ಪಾಲು ಕಟ್ಟಿಗೆಯ ಸುರುಳಿ ಸೇರಿಸಿದರೆ ಇನ್ನೂ ಒಳ್ಳೆಯದು.

ಕಟ್ಟಿಗೆಯ ಸುರುಳಿ ಅಂದೆ, ಮರದ ಪುಡಿ ಅನ್ನಲಿಲ್ಲ. ಬಡಿಗೇರ ರಂದಾ ಹೊಡೆದಾಗ ಎದ್ದು ಬರುತ್ತದಲ್ಲ, ಆ ಸುರುಳಿ ಸುರುಳಿ ಚೂರು, ಅದು ಬಹಳ ಚೆನ್ನಾಗಿ ನೀರು ಹೀರುತ್ತದೆ. ಗರಗಸದ ಕೆಳಗೆ ಬೀಳುವ ಸಣ್ಣ ಪುಡಿ ಬೇರೆ. ಮರಿ ಅದನ್ನು ಫೀಡಿನ ಜೊತೆ ತಿನ್ನುತ್ತದೆ, ಗಂಟಲ ಚೀಲದಲ್ಲಿ ಅದು ಉಬ್ಬಿ ಕಟ್ಟಿಕೊಳ್ಳುತ್ತದೆ, ಒದ್ದೆಯಾದರೆ ಮುದ್ದೆಯಾಗುತ್ತದೆ. ಮೊದಲ ಮೂರು ವಾರ ಪುಡಿ ಬೇಡ. ಇನ್ನೊಂದು ಎಚ್ಚರಿಕೆ, ಈಗ ಬಡಿಗೇರ ಅಂಗಡಿಗಳಲ್ಲಿ ಪ್ಲೈವುಡ್, ಎಂಡಿಎಫ್ ಕೊಯ್ಯುವುದೇ ಜಾಸ್ತಿ. ಅದರಲ್ಲಿ ಅಂಟು ಇರುತ್ತದೆ. ಗೆದ್ದಲು ಔಷಧಿ ಹೊಡೆದ ಹಳೇ ಮರವೂ ಇರುತ್ತದೆ. ಬೇವು, ಜಾಲಿ ಕೊಯ್ದ ದಿನ ಹೋಗಿ, ಆ ದಿನದ ರಂದಾ ಹೊಟ್ಟು ಮಾತ್ರ ಕೇಳಿ ತನ್ನಿ. ಹಸಿ ಮರದ್ದಾದರೆ ಎರಡು ಮೂರು ಬಿಸಿಲು ಹೆಚ್ಚು ತೋರಿಸಿ.

ಶೇಂಗಾ ಹೊಟ್ಟು ನನಗೆ ಪಾಠ ಕಲಿಸಿದ್ದು. ಹೊಟ್ಟು ಕೆಟ್ಟದ್ದಲ್ಲ, ಬಳ್ಳಾರಿ ಕಡೆ ಬಹಳ ಜನ ಹಾಸುತ್ತಾರೆ, ಒಣಗಿದ್ದು ಚೆನ್ನಾಗಿ ಹೀರುತ್ತದೆ. ಆದರೆ ಶೇಂಗಾ ಮಣ್ಣಿನೊಳಗೆ ಬೆಳೆಯುವುದು, ಬೂಷ್ಟು ಹೊಲದಿಂದಲೇ ಜೊತೆಗೆ ಬಂದಿರುತ್ತದೆ. ಸ್ವಲ್ಪ ತೇವ ಸಿಕ್ಕರೆ ಸಾಕು. ಅದೇ ಸುಗ್ಗಿಯದು, ಮಳೆ ಕಾಣದ್ದು, ಎರಡು ಮೂರು ಚೂರಾಗಿ ಒಡೆದದ್ದು ಸಿಕ್ಕರೆ ಹತ್ತು ಹದಿನೈದು ದಿನ ಆದ ಮರಿಗೆ ಹಾಸಿ. ಒಂದು ದಿನದ ಮರಿಗೆ ನಾನು ಹಾಸುವುದಿಲ್ಲ, ಹಾಸಿ ಅಂತ ಯಾರಿಗೂ ಹೇಳುವುದೂ ಇಲ್ಲ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ನೆಲ್ಲಿನ ಹುಲ್ಲು, ಜೋಳದ ಕಣಿಕೆ ಎರಡಿಂಚಿಗೆ ಕತ್ತರಿಸಿದರೆ ದೊಡ್ಡ ಕೋಳಿಗೆ ನಡೆಯುತ್ತದೆ, ಮರಿಗೆ ಜಾರುತ್ತದೆ, ಬೇಗ ಚಾಪೆ ಕಟ್ಟುತ್ತದೆ. ಮೆಕ್ಕೆಜೋಳದ ದಿಂಡು, ಕಬ್ಬಿನ ಸಿಪ್ಪೆಗೆ ತೇವ ತಾಗಿದರೆ ಬೇಗ ಬೂಷ್ಟು ಹಿಡಿಯುತ್ತದೆ. ಹತ್ತಿ ಜಿನ್ನಿನ ಕಸ ರಾಯಚೂರಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಅದರಲ್ಲಿನ ಎಳೆ ಮರಿಯ ಕಾಲಿಗೆ, ಬೆರಳಿಗೆ ಸುತ್ತಿಕೊಂಡು ಬಿಗಿಯುತ್ತದೆ. ತೊಗರಿ ಹೊಟ್ಟು, ಕಡಲೆ ಹೊಟ್ಟು ದನದ ಮೇವು, ಅದನ್ನು ಹಾಸುವುದು ದಂಡ. ತೆಂಗಿನ ನಾರಿನ ಪುಡಿ ತುಮಕೂರು, ತಿಪಟೂರು ಕಡೆಯವರಿಗೆ ಸರಿ, ನಮಗೆ ಬಾಡಿಗೆಯೇ ಜಾಸ್ತಿ. ಮರಳು ಒಣಗಿರುವವರೆಗೆ ಚೆನ್ನ, ಆದರೆ ಭಾರ, ಚಳಿಯಲ್ಲಿ ತಣ್ಣಗೆ, ಬೇಸಿಗೆಯಲ್ಲಿ ಸುಡುತ್ತದೆ, ಸಣ್ಣ ಮರಿ ಅದನ್ನೂ ನುಂಗುತ್ತದೆ. ಬರೀ ಪೇಪರ್ ಹಾಸಿ ಸಾಕುತ್ತೇನೆ ಅಂದರೆ ಬೇಡ, ನುಣುಪು ಪೇಪರ್ ಮೇಲೆ ಕಾಲು ಸೀಳುತ್ತದೆ. ಪೇಪರಿನ ಕೆಲಸ ಏನು ಅಂತ ಮುಂದೆ ಹೇಳುತ್ತೇನೆ.

ಎರಡನೇ ಕೆಲಸ: ತರುವ ಮೊದಲು ಕೈ ಹಾಕಿ ನೋಡಿ

ಫೋನಿನಲ್ಲಿ ಹೇಳಿ ತರಿಸಬೇಡಿ. ಹೋಗಿ. ಮಿಲ್ಲಿನಲ್ಲಿ ಹೊಟ್ಟಿನ ಗುಡ್ಡೆ ಹೊರಗೆ ಬಯಲಲ್ಲಿ ಇರುತ್ತದೆ. ಮೇಲಿನ ಪದರ ಬಿಸಿಲಿಗೆ ಗರಿಗರಿ ಇರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಮೊಣಕೈವರೆಗೆ ಕೈ ಒಳಗೆ ತೂರಿಸಿ. ಒಳಗೆ ಬಿಸಿ ತಾಗಿದರೆ ಅಥವಾ ತಣ್ಣಗೆ ಒದ್ದೆ ತಾಗಿದರೆ ಅದು ಕೊಳೆಯುತ್ತಿದೆ ಅಂತ ಅರ್ಥ. ಒಳಗಿನ ಒಂದು ಹಿಡಿ ತೆಗೆದು ಮೂಗಿನ ಹತ್ತಿರ ಹಿಡಿಯಿರಿ. ಒಣ ನೆಲ್ಲಿನ ವಾಸನೆ ಬಂದರೆ ಸರಿ, ಮುಗ್ಗಲು ವಾಸನೆ ಬಂದರೆ ಬಿಟ್ಟುಬಿಡಿ. ಬೂದು, ಹಸಿರು, ಕಪ್ಪು ಚುಕ್ಕೆ, ಒಂದಕ್ಕೊಂದು ಅಂಟಿದ ಗಡ್ಡೆ ಕಂಡರೂ ಅಷ್ಟೇ. ಬಿಸಿಲಿಗೆ ಹಾಕಿದರೆ ಸರಿ ಹೋಗುತ್ತೆ ಅಂತ ಮಾರುವವರು ಹೇಳುತ್ತಾರೆ. ಬಿಸಿಲಿಗೆ ತೇವ ಹೋಗುತ್ತದೆ, ಬೂಷ್ಟಿನ ಬೀಜ ಹೋಗುವುದಿಲ್ಲ. ಒಣಗಿದ ಮೇಲೆ ಅದು ಇನ್ನೂ ಸುಲಭವಾಗಿ ಹಾರಿ ಮರಿಯ ಮೂಗಿಗೆ ಹೋಗುತ್ತದೆ. ನನ್ನ 23 ಮರಿ ಹೋಗಿದ್ದು ಒಣಗಿದ ಹೊಟ್ಟಿನಿಂದಲೇ.

ನಮ್ಮ ಕಡೆ ಮುಂಗಾರಿನ ನೆಲ್ಲು ನವೆಂಬರ್, ಡಿಸೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ, ಕಾಲುವೆಗೆ ನೀರು ಬಿಟ್ಟ ವರ್ಷ ಬೇಸಿಗೆ ಬೆಳೆ ಏಪ್ರಿಲ್, ಮೇನಲ್ಲಿ. ಅದರ ಬೆನ್ನಿಗೇ ಮಿಲ್ಲು ಜೋರಾಗಿ ಓಡುವಾಗ ಹೊಸ ಉಮಿ ತಂದಿಟ್ಟುಕೊಳ್ಳಿ. ಇಟ್ಟಂಗಿ ಭಟ್ಟಿಯವರೂ ಉಮಿ ಒಯ್ಯುತ್ತಾರೆ, ಮಿಲ್ಲಿನವರು ತಮ್ಮ ಬಾಯ್ಲರಿಗೂ ಸುಡುತ್ತಾರೆ, ಹಾಗಾಗಿ ಬೇಕೆಂದಾಗ ಸಿಗದೆಯೂ ಇರಬಹುದು. ಯೂರಿಯಾ ಚೀಲ, ಔಷಧಿ ಚೀಲದಲ್ಲಿ ತುಂಬಿಸಬೇಡಿ. ಖಾಲಿ ಫೀಡಿನ ಚೀಲ ತೊಳೆದು ಒಣಗಿಸಿ ಒಯ್ಯಿರಿ. ಮನೆಗೆ ತಂದ ಮೇಲೆ ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆ ಅಥವಾ ಇಟ್ಟಿಗೆ ಮೇಲೆ ಇಡಿ, ಗೋಡೆಗೂ ಒಂದಡಿ ದೂರ ಇರಲಿ.

ಮೂರನೇ ಕೆಲಸ: ಎಷ್ಟು ಬೇಕು ಅಂತ ಲೆಕ್ಕ

100 ಮರಿಯ ಲೆಕ್ಕ ಹೇಳುತ್ತೇನೆ, ನಿಮ್ಮದಕ್ಕೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಮೊದಲ ಎರಡು ವಾರಕ್ಕೆ ಒಂದು ಮರಿಗೆ ಅರ್ಧ ಚದರಡಿ, ಅಂದರೆ 50 ಚದರಡಿ. ಅದಕ್ಕೆ 2 ಇಂಚು ದಪ್ಪ ಹಾಸಲು ಎಂಟು ಘನ ಅಡಿಗೆ ಸ್ವಲ್ಪ ಮೇಲೆ ಉಮಿ ಬೇಕು. ಉಮಿ ಬಹಳ ಹಗುರ, ಒಂದು ಘನ ಮೀಟರಿಗೆ 100 ಕೆಜಿ ಮೇಲೆ ಸ್ವಲ್ಪ ಅಷ್ಟೇ ತೂಗುತ್ತದೆ. ಹಾಗಾಗಿ 25 ಕೆಜಿ ಆಸುಪಾಸು ಸಾಕು. ಚಳಿಗಾಲಕ್ಕೆ 3 ಇಂಚು ಮಾಡಿದರೆ 40 ಕೆಜಿ ಹತ್ತಿರ. ತಿಂಗಳಾಗುವ ಹೊತ್ತಿಗೆ ಮರಿಗೆ ಒಂದೊಂದು ಚದರಡಿ ಜಾಗ ಬೇಕು, 100 ಚದರಡಿಗೆ 3 ಇಂಚಿನ ಲೆಕ್ಕದಲ್ಲಿ 80 ಕೆಜಿ. ಒದ್ದೆಯಾದದ್ದು ತೆಗೆದು ಹೊಸದು ಹಾಕಲು 20 ಕೆಜಿ ಕೈಯಲ್ಲಿರಲಿ. ಒಟ್ಟು 100 ಮರಿಗೆ 100 ಕೆಜಿ ಉಮಿ ಅಂತ ನೆನಪಿಟ್ಟುಕೊಂಡರೆ ಸಾಕು.

ನಾಲ್ಕನೇ ಕೆಲಸ: ಒಣಗಿಸಿ, ಜಾಡಿಸಿ

ಮರಿ ಬರುವ ನಾಲ್ಕೈದು ದಿನ ಮೊದಲು ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ ಎರಡು ದಿನ ಪೂರ್ತಿ ಬಿಸಿಲು ಕೊಡಿ. ಎರಡು ಮೂರು ತಾಸಿಗೊಮ್ಮೆ ತಿರುವಿ. ರಾತ್ರಿ ಮಂಜು ಬೀಳುವ ಮೊದಲು ಗುಡ್ಡೆ ಮಾಡಿ ಮುಚ್ಚಿ. ಗಾಳಿ ಇರುವ ಸಂಜೆ ಮೊರದಲ್ಲಿ ತೂರಿದರೆ ದೂಳು ಹೋಗುತ್ತದೆ. ತೂರುವಾಗ ಮೂಗಿಗೆ ಟವೆಲ್ ಕಟ್ಟಿಕೊಳ್ಳಿ, ಆ ದೂಳು ನಮಗೂ ಒಳ್ಳೆಯದಲ್ಲ. ಕೈಯಾಡಿಸಿ ಮೊಳೆ, ತಂತಿ, ದಾರದ ತುಂಡು ಹುಡುಕಿ ತೆಗೆಯಿರಿ. ಮರಿ ಹೊಳೆಯುವುದನ್ನೆಲ್ಲಾ ಕುಕ್ಕುತ್ತದೆ.

ಐದನೇ ಕೆಲಸ: ನೆಲ

ಹಿಂದಿನ ಬ್ಯಾಚಿನ ಹೊಟ್ಟು ಇದ್ದರೆ ಪೂರ್ತಿ ತೆಗೆಯಿರಿ. ಸಿಮೆಂಟು ಅಥವಾ ಬಂಡೆ ನೆಲವನ್ನು ತೊಳೆದು, ಸುಣ್ಣ ಬಳಿದು, ಮೂರು ನಾಲ್ಕು ದಿನ ಒಣಗಲು ಬಿಡಿ. ಮಣ್ಣಿನ ನೆಲವಾದರೆ ಮೇಲಿನ ಒಂದಿಂಚು ಕೆರೆದು ತೆಗೆದು ಹೊಸ ಮೊರಂ ಹಾಕಿ ಬಡಿಯಿರಿ. ಎರೆ ಮಣ್ಣು ಮಾತ್ರ ಬೇಡ. ಎರೆ ನೆಲ ಒಣಗಿದರೆ ಸೀಳುತ್ತದೆ, ಸೀಳಿನಲ್ಲಿ ಇಲಿ, ಹುಳ ಸೇರುತ್ತವೆ, ತೇವ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಶೆಡ್ಡಿನ ಹೊರಗೆ ಗೋಡೆಯುದ್ದಕ್ಕೂ ಸುಣ್ಣದ ಪುಡಿಯ ಗೆರೆ ಎಳೆಯಿರಿ, ಒಳಗೆ ಹಾಸಿನ ಮೇಲೆ ಹಾಕಬೇಡಿ.

ಆರನೇ ಕೆಲಸ: ಹಾಸುವುದು, ಮೇಲೆ ಪೇಪರ್

ಒಂದೂವರೆ ಅಡಿ ಎತ್ತರದ ತಗಡು ಅಥವಾ ದಪ್ಪ ರಟ್ಟನ್ನು 6 ಅಡಿ ಅಗಲದ ಗುಂಡಗಿನ ಆವರಣವಾಗಿ ನಿಲ್ಲಿಸಿ. ಮೂಲೆ ಇರಬಾರದು, ಮೂಲೆ ಇದ್ದರೆ ಮರಿಗಳು ಹೆದರಿದಾಗ ಅಲ್ಲೇ ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಗಟ್ಟುತ್ತವೆ. 100 ಮರಿಗೆ ಮೊದಲ ಮೂರು ನಾಲ್ಕು ದಿನ ಇಷ್ಟು ಸಾಕು, ಆಮೇಲೆ ಅಗಲಿಸುತ್ತಾ ಹೋಗಿ. ಒಳಗೆ ಉಮಿ ಸಮವಾಗಿ ಹರಡಿ, ಹಲಗೆಯಿಂದ ಎಳೆದು ಮಟ್ಟ ಮಾಡಿ. ದಿಬ್ಬ ತಗ್ಗು ಇದ್ದರೆ ನೀರಿನ ಡ್ರಿಂಕರ್ ವಾಲುತ್ತದೆ, ಅಲ್ಲಿಂದಲೇ ಒದ್ದೆ ಶುರು.

ಉಮಿಯ ಮೇಲೆ ಹಳೇ ದಿನಪತ್ರಿಕೆ ಹಾಸಿ. ಸುಮ್ನೆ ಶೋಕಿಗಲ್ಲ ಇದು. ಬಂದ ಮರಿಗೆ ಯಾವುದು ಫೀಡು, ಯಾವುದು ಹೊಟ್ಟು ಅಂತ ಗೊತ್ತಿರುವುದಿಲ್ಲ. ಪೇಪರ್ ಇಲ್ಲದಿದ್ದರೆ ಉಮಿಯನ್ನೇ ಕುಕ್ಕಿ ಕುಕ್ಕಿ ಹೊಟ್ಟೆ ತುಂಬಿಸಿಕೊಂಡು, ಮೂರನೇ ದಿನಕ್ಕೆ ಸೊರಗುತ್ತದೆ. ಪೇಪರ್ ಮೇಲೆ ಮೊದಲ ದಿನ ಒಡೆದ ಮೆಕ್ಕೆಜೋಳದ ನುಚ್ಚು ಅಥವಾ ಸಣ್ಣ ಮರಿಗೆಂದೇ ಬರುವ ಸ್ಟಾರ್ಟರ್ ಫೀಡು ಚೆಲ್ಲಿ. ಕುಕ್ಕಿದಾಗ ಟಕ ಟಕ ಸದ್ದು ಬರುತ್ತದೆ, ಒಂದು ತಿಂದಿದ್ದು ಕೇಳಿ ಉಳಿದವೂ ಬರುತ್ತವೆ. ಪೇಪರನ್ನು ಒಂದು ಸಲ ಮುದುಡಿ ಮತ್ತೆ ಬಿಚ್ಚಿ ಹಾಸಿದರೆ ಜಾರುವುದಿಲ್ಲ. ಬಣ್ಣದ ನುಣುಪು ಪುರವಣಿ ಬೇಡ. ದಿನಾ ಬದಲಿಸಿ. ಮೂರನೇ ಅಥವಾ ನಾಲ್ಕನೇ ದಿನಕ್ಕೆ ಪೇಪರ್ ತೆಗೆಯಿರಿ, ಅಷ್ಟರಲ್ಲಿ ಮರಿಗೆ ಫೀಡಿನ ರುಚಿ ಗೊತ್ತಾಗಿರುತ್ತದೆ.

ಏಳನೇ ಕೆಲಸ: ಮರಿಗಿಂತ ಮೊದಲು ಹೊಟ್ಟಿಗೆ ಕಾವು

ಇದನ್ನು ಬಹಳ ಜನ ಬಿಡುತ್ತಾರೆ. ಗಾಳಿ ಬೆಚ್ಚಗಿದ್ದು ಹೊಟ್ಟು ತಣ್ಣಗಿದ್ದರೆ ಮರಿ ಚಳಿಯಲ್ಲೇ ಇದ್ದ ಹಾಗೆ, ಯಾಕಂದರೆ ಅದರ ಕಾಲು, ಹೊಟ್ಟೆ ಇರುವುದು ಹೊಟ್ಟಿನ ಮೇಲೆ. ಚಳಿಗಾಲದಲ್ಲಿ ಹಿಂದಿನ ದಿನವೇ, ಬೇಸಿಗೆಯಲ್ಲಿ ನಾಲ್ಕೈದು ತಾಸು ಮೊದಲು ಬಲ್ಬು ಹಾಕಿ. ಹೊಟ್ಟಿನ ಮೇಲ್ಮೈ 30 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಬೇಕು. ಮರಿಯ ಮಟ್ಟದ ಗಾಳಿ ಮೊದಲ ವಾರ 35, ಎರಡನೇ ವಾರ 32, ಮೂರನೇ ವಾರ 29, ಹೀಗೆ ಇಳಿಸುತ್ತಾ ಹೋಗಿ. ಒಂದು ಮರಿಗೆ ಒಂದರಿಂದ ಎರಡು ವ್ಯಾಟ್ ಲೆಕ್ಕ, 100 ಮರಿಗೆ 100 ವ್ಯಾಟಿನ ಎರಡು ಬಲ್ಬು. ಹಳೇ ತಂತಿ ಬಲ್ಬೇ ಬೇಕು, ಎಲ್ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಬಲ್ಬನ್ನು ವೈರಿನಿಂದ ಮಾತ್ರ ನೇತುಹಾಕಬೇಡಿ, ಸರಪಳಿ ಅಥವಾ ಕಬ್ಬಿಣದ ತಂತಿಯಿಂದ ಬೇರೆ ಕಟ್ಟಿ, ಹೊಟ್ಟಿನಿಂದ ಒಂದೂವರೆ ಅಡಿ ಮೇಲಿರಲಿ. ಒಣ ಉಮಿಯ ಮೇಲೆ ಬಲ್ಬು ಬಿದ್ದರೆ ಶೆಡ್ಡೇ ಹೋಗುತ್ತದೆ. ಕರೆಂಟು ಹೋದಾಗ ಕೆಂಡದ ಕುಂಡ ಇಡುವವರು ಅದರ ಸುತ್ತ ಒಂದಡಿ ಹೊಟ್ಟು ಸರಿಸಿ, ಮೇಲೆ ಜಾಳಿಗೆ ಮುಚ್ಚಿ, ಕಿಟಕಿ ಸ್ವಲ್ಪ ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಗಾಳಿ ಮರಿಯನ್ನೂ ಕೊಲ್ಲುತ್ತದೆ, ಜೊತೆಗೆ ಮಲಗಿದವರನ್ನೂ ಕೊಲ್ಲುತ್ತದೆ.

ಮರಿ ಬಿಟ್ಟು ಒಂದು ತಾಸಿನ ಮೇಲೆ ಒಂದನ್ನು ಮೆಲ್ಲಗೆ ಎತ್ತಿ ಅದರ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ. ಬೆಚ್ಚಗಿದ್ದರೆ ಹಾಸು ಸರಿ ಇದೆ. ತಣ್ಣಗಿದ್ದರೆ ಥರ್ಮಾಮೀಟರ್ ಏನೇ ಹೇಳಲಿ, ಹೊಟ್ಟು ತಣ್ಣಗಿದೆ. ಬೇರೆ ಬೇರೆ ಕಡೆಯ ಐದಾರು ಮರಿ ಹೀಗೆ ನೋಡಿ. ಮರುದಿನ ಬೆಳಿಗ್ಗೆ ಕುತ್ತಿಗೆಯ ಬುಡದ ಚೀಲ ಮುಟ್ಟಿ ನೋಡಿ. ಫೀಡು ನೀರು ಸೇರಿ ಮೆತ್ತಗೆ ಗಂಜಿಯ ಹಾಗೆ ತುಂಬಿರಬೇಕು. ಚುಚ್ಚುವ ಹಾಗೆ ಗಟ್ಟಿ ಇದ್ದರೆ ಮರಿ ಹೊಟ್ಟು ತಿಂದಿದೆ ಅಥವಾ ನೀರು ಕುಡಿದಿಲ್ಲ. ಖಾಲಿ ಇದ್ದರೆ ಕೊಕ್ಕನ್ನು ನೀರಿಗೆ ಅದ್ದಿ ದಾರಿ ತೋರಿಸಿ.

ದಿನದಿನದ ಕೆಲಸ

ಒದ್ದೆಯ ಮೂಲ ಮುಕ್ಕಾಲು ಪಾಲು ನೀರಿನ ಡ್ರಿಂಕರೇ. ಅದನ್ನು ಹೊಟ್ಟಿನ ಮೇಲೆ ನೇರ ಇಡಬೇಡಿ, ಹಲಗೆ ಅಥವಾ ಚಪ್ಪಟೆ ಇಟ್ಟಿಗೆ ಮೇಲೆ ಇಡಿ. ಮರಿ ಬೆಳೆದ ಹಾಗೆ ಎತ್ತರಿಸಿ, ಡ್ರಿಂಕರಿನ ಅಂಚು ಮರಿಯ ಬೆನ್ನಿನ ಮಟ್ಟಕ್ಕೆ ಬರಬೇಕು. ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ. ಸುತ್ತ ಒದ್ದೆಯಾದ ಹೊಟ್ಟನ್ನು ಅದೇ ದಿನ ಬೊಗಸೆಯಲ್ಲಿ ಎತ್ತಿ ಹೊರಗೆ ಹಾಕಿ, ಒಣ ಉಮಿ ತುಂಬಿ. ಅದನ್ನು ಒಣ ಹೊಟ್ಟಿನ ಜೊತೆ ಕಲಸಿ ಬಿಡುವುದು ದೊಡ್ಡ ತಪ್ಪು. ಕಾಕ್ಸಿಡಿಯಾ ಅನ್ನುವ ಕರುಳಿನ ರೋಗದ ಮೊಟ್ಟೆಗಳು ಹಿಕ್ಕೆಯಲ್ಲಿ ಬಂದಾಗ ಇನ್ನೂ ರೋಗ ಹರಡುವಷ್ಟು ಬಲಿತಿರುವುದಿಲ್ಲ. ಬಿಸಿ ಮತ್ತು ತೇವ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿತು, ಮರಿ ಕುಕ್ಕಿದಾಗ ಒಳಗೆ ಹೋಗುತ್ತವೆ. ಮೂರನೇ ವಾರದ ಮೇಲೆ ಹಿಕ್ಕೆಯಲ್ಲಿ ರಕ್ತ ಕಂಡರೆ, ಮರಿ ರೆಕ್ಕೆ ಇಳಿಬಿಟ್ಟು ಮುದುಡಿ ಕೂತರೆ ಅದೇ ದಿನ ಪಶು ಆಸ್ಪತ್ರೆಗೆ ಹೋಗಿ, ಹಿಕ್ಕೆಯನ್ನೂ ಒಂದು ಕಾಗದದಲ್ಲಿ ಒಯ್ಯಿರಿ. ಔಷಧಿ ಇದೆ, ಆದರೆ ಹಾಸು ಒಣಗಿಸದೆ ಔಷಧಿ ಕೊಟ್ಟರೆ ಮತ್ತೆ ಬರುತ್ತದೆ.

ಎಂಟು ಹತ್ತು ದಿನ ಆದ ಮೇಲೆ ಎರಡು ದಿನಕ್ಕೊಮ್ಮೆ ಹೊಟ್ಟನ್ನು ತಿರುವಿ ಹಾಕಿ. ಮರದ ಹಲ್ಲಿನ ಸಣ್ಣ ಕುಂಟೆ ಮಾಡಿಸಿಕೊಂಡರೆ ಅನುಕೂಲ. ಬೆಳಿಗ್ಗೆ ತಂಪಲ್ಲಿ ಮಾಡಿ, ನಡು ಮಧ್ಯಾಹ್ನ ಮರಿಗಳನ್ನು ಓಡಾಡಿಸಬೇಡಿ. ತಿರುವಿದ ಮೇಲೆ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ, ಕೈ ಬಿಚ್ಚಿ. ಉಂಡೆಯಾಗಿ ಹಾಗೇ ಉಳಿದರೆ ತೇವ ಜಾಸ್ತಿ. ಸ್ವಲ್ಪ ಕೂಡಿಕೊಂಡು ಮೆಲ್ಲಗೆ ಬಿರಿದರೆ ಸರಿ. ಕೂಡಿಕೊಳ್ಳದೆ ದೂಳು ಹಾರಿದರೆ ತೀರಾ ಒಣಗಿದೆ.

ವಾಸನೆಯ ಪರೀಕ್ಷೆ ಬೆಳಿಗ್ಗೆ ಮೊದಲ ಸಲ ಬಾಗಿಲು ತೆರೆದಾಗಲೇ ಮಾಡಬೇಕು, ಐದು ನಿಮಿಷ ಒಳಗಿದ್ದರೆ ನಮ್ಮ ಮೂಗು ಹೊಂದಿಕೊಂಡುಬಿಡುತ್ತದೆ. ನಿಂತು ಅಲ್ಲ, ಮಂಡಿಯೂರಿ ಮುಖವನ್ನು ಮರಿಯ ಎತ್ತರಕ್ಕೆ ತನ್ನಿ. ಕಣ್ಣು ಉರಿದರೆ ಅಮೋನಿಯಾ ಕಟ್ಟಿದೆ ಅಂತ ಅರ್ಥ. ಮರಿ ದಿನವಿಡೀ ಅಲ್ಲೇ ಉಸಿರಾಡುತ್ತಿದೆ ಅಲ್ವಾ? ಶೆಡ್ಡಿನ ಪಕ್ಕದ ಪರದೆಯನ್ನು ಮೇಲಿನಿಂದ ಅರ್ಧ ಅಡಿ ಇಳಿಸಿ ಗಾಳಿ ಬಿಡಿ, ಗಟ್ಟಿ ಕಟ್ಟಿದ ಪದರ ತೆಗೆಯಿರಿ. ಆ ಹೊತ್ತಿಗೆ ಒದ್ದೆ ಹೊಟ್ಟಿನ ಮೇಲೆ ಸುಣ್ಣ ಎರಚಿದರೆ ಅಮೋನಿಯಾ ಇನ್ನೂ ಜಾಸ್ತಿ ಏಳುತ್ತದೆ. ಸುಣ್ಣ ಬೇಕಿದ್ದರೆ ಮರಿ ಬರುವ ಮೊದಲು ನೆಲಕ್ಕೆ.

ನಮ್ಮ ಬೇಸಿಗೆ, ನಮ್ಮ ಮಳೆ

ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿಯಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಆಗ 2 ಇಂಚಿಗಿಂತ ದಪ್ಪ ಹಾಸಬೇಡಿ, ಹಗಲು ಬಲ್ಬು ಬೇಡ, ರಾತ್ರಿ ಮರಿಗಳು ಗುಂಪುಗೂಡಿದರೆ ಮಾತ್ರ ಹಾಕಿ. ಸೆಕೆ ತಡೆಯದೆ ಕೆಲವರು ಹೊಟ್ಟಿನ ಮೇಲೆ ನೀರು ಚಿಮುಕಿಸುತ್ತಾರೆ. ದಯವಿಟ್ಟು ಬೇಡ. ಬಿಸಿಯೂ ತೇವವೂ ಕೂಡಿದರೆ ಬೂಷ್ಟಿಗೆ, ಕಾಕ್ಸಿಡಿಯಾಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ತಂಪು ಬೇಕಿದ್ದರೆ ತಗಡಿನ ಮೇಲೆ ನೆಲ್ಲಿನ ಹುಲ್ಲು ಹೊದಿಸಿ ಅದಕ್ಕೆ ನೀರು ಹೊಡೆಯಿರಿ, ಪಕ್ಕದ ಜಾಳಿಗೆಗೆ ಗೋಣಿಚೀಲ ಕಟ್ಟಿ ನೆನೆಸಿ. ಗೋಣಿಯಿಂದ ನೀರು ಒಳಗೆ ತೊಟ್ಟಿಕ್ಕದ ಹಾಗೆ ಹೊರಗಡೆಗೆ ಕಟ್ಟಿ.

ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ಇರುತ್ತದೆ, ತಿರುವುವುದು ದಿನಾ ಆಗಬೇಕು. ಸೂರಿನ ನೀರು ಒಳಗೆ ಸಿಡಿಯದಂತೆ ಚಾವಣಿ ಮೂರಡಿ ಹೊರಚಾಚಿರಲಿ. ಮಳೆ ಬರುತ್ತೆ ಅಂತ ನಾಲ್ಕೂ ಕಡೆ ಪ್ಲಾಸ್ಟಿಕ್ ಬಿಗಿದು ಮುಚ್ಚಿದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಗಾಳಿ ಬೀಸುವ ಕಡೆ ಮಾತ್ರ ಮುಚ್ಚಿ.

ಜವಾರಿ ಕೋಳಿ ಕಾವಿಗೆ ಕೂತು ತಾನೇ ಮರಿ ಎಬ್ಬಿಸಿದ್ದರೆ ಇಷ್ಟೆಲ್ಲಾ ಬೇಡ. ಬುಟ್ಟಿಯಲ್ಲಿ ಒಣ ಹುಲ್ಲು ಸಾಕು, ಕಾವು ತಾಯಿಯೇ ಕೊಡುತ್ತದೆ, ಏನು ತಿನ್ನಬೇಕು ಅಂತ ಅದೇ ಕುಕ್ಕಿ ತೋರಿಸುತ್ತದೆ. ಮರಿ ಎದ್ದ ದಿನ ಹಳೇ ಹುಲ್ಲು, ಚಿಪ್ಪು ತೆಗೆದು ಹೊಸದು ಹಾಕಿ, ರಕ್ತ ಹೀರುವ ನುಸಿ ಇದ್ದರೆ ಅದರಲ್ಲೇ ಅಡಗಿರುತ್ತವೆ. ತಾಯಿ ಇಲ್ಲದ ಮರಿಗೆ ಆ ಎಲ್ಲಾ ಕೆಲಸವನ್ನು ಬಲ್ಬು, ಪೇಪರ್, ಹೊಟ್ಟು ಸೇರಿ ಮಾಡಬೇಕು.

ಬ್ಯಾಚು ಮುಗಿದ ಮೇಲೆ

ತೆಗೆದ ಹೊಟ್ಟನ್ನು ಹಸಿಯಾಗಿ ಮೆಣಸಿನಕಾಯಿ ಅಥವಾ ದಾಳಿಂಬೆ ಬುಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ. ಶೆಡ್ಡಿನಿಂದ ದೂರ ಗುಂಡಿಯಲ್ಲಿ ಸಗಣಿ, ಹಸಿ ಸೊಪ್ಪಿನ ಜೊತೆ ಪದರ ಪದರ ಹಾಕಿ, ನೀರು ಚಿಮುಕಿಸಿ, ತಿಂಗಳಿಗೊಮ್ಮೆ ತಿರುವಿ. ಉಮಿಯಲ್ಲಿ ಸಿಲಿಕಾ ಜಾಸ್ತಿ, ಬೇಗ ಕೊಳೆಯುವುದಿಲ್ಲ, ಆರು ತಿಂಗಳು ಕಾಯಬೇಕು. ಸತ್ತ ಮರಿಯನ್ನು ಅದರಲ್ಲಿ ಎಸೆಯಬೇಡಿ, ಬೇರೆ ಕಡೆ ಆಳವಾಗಿ ಸುಣ್ಣ ಹಾಕಿ ಹೂಳಿ. ಗೊಬ್ಬರದ ಗುಂಡಿಗೆ ದನ, ಎಮ್ಮೆ ಬಾಯಿ ಹಾಕದಂತೆ ಬೇಲಿ ಇರಲಿ. ಕೊಳೆತ ಮರಿ ಸೇರಿದ ಹೊಟ್ಟು ತಿಂದರೆ ಬಾಟುಲಿಸಂ ಅನ್ನುವ ವಿಷದ ರೋಗ ಬಂದು ದನದ ಕಾಲಿನ ಬಲವೇ ಹೋಗುತ್ತದೆ, ಎದ್ದೇಳುವುದು ಕಷ್ಟ.

ಶೆಡ್ಡು ಖಾಲಿಯಾದ ಮೇಲೆ ಎರಡು ವಾರ ಹಾಗೇ ಬಿಡಿ. ಆ ಎರಡು ವಾರದಲ್ಲಿ ಮಿಲ್ಲಿಗೆ ಹೋಗಿ ಮುಂದಿನ ಬ್ಯಾಚಿನ ಉಮಿ ನೋಡಿಕೊಂಡು ಬನ್ನಿ, ಮರಿ ಬುಕ್ ಮಾಡುವುದು ಅದರ ನಂತರ.